ಒಂದೇ ಕತ್ತರಿ ಎಲ್ಲಕ್ಕೂ ಸಾಕಾ? ಬಟ್ಟೆ, ಪೈಪು, ಚೀಲ, ತಂತಿ: ಯಾವುದಕ್ಕೆ ಯಾವುದು

ಮಲ್ಟಿಟೂಲ್ ಕತ್ತರಿ ಕೊಳ್ಳೋಣ ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಅಂಕಿ. 5 ಕೆಲಸ, 10 ಕೆಲಸ, 18 ಕೆಲಸ. ಬಾಟಲಿ ಮುಚ್ಚಳ ತೆಗೆಯುತ್ತದೆ, ಸ್ಕ್ರೂ ತಿರುಗಿಸುತ್ತದೆ, ಬಾದಾಮಿ ಒಡೆಯುತ್ತದೆ, ಮೀನಿನ ಹುರುಪೆ ಹೆರೆಯುತ್ತದೆ. ಎಲ್ಲ ಸರಿ. ಆದರೆ ಕತ್ತರಿಯಾಗಿ ಅದು ಏನನ್ನು ಕತ್ತರಿಸುತ್ತದೆ, ಏನನ್ನು ಕತ್ತರಿಸಲ್ಲ ಅನ್ನುವುದು ಡಬ್ಬಿಯ ಮೇಲೆ ಇರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಿನಾ ಗಂಟೆಗಟ್ಟಲೆ ಒಂದೇ ವಸ್ತು ಕತ್ತರಿಸುವವರಿಗೆ ಮಲ್ಟಿಟೂಲ್ ಬೇಡ, ಆ ವಸ್ತುವಿಗೇ ಮಾಡಿದ ಕತ್ತರಿ ಬೇಕು. ದಿನವಿಡೀ ಹತ್ತು ಕಡೆ ಓಡಾಡುತ್ತಾ, ಇಲ್ಲಿ ಒಂದು ದಾರ, ಅಲ್ಲಿ ಒಂದು ಪೊಟ್ಟಣ, ಇನ್ನೊಂದು ಕಡೆ ಒಂದು ಪಟ್ಟಿ ಅಂತ ಸಣ್ಣ ಸಣ್ಣ ಕೆಲಸ ಬರುವವರಿಗೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಗುಳೇದಗುಡ್ಡದಲ್ಲಿ ಖಣದ ಕುಪ್ಪಸ ಹೊಲಿಯುವ ಟೇಲರ್ರು, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಇಬ್ಬರೂ ಒಂದೇ ಕತ್ತರಿ ಕೊಂಡರೆ ಇಬ್ಬರಲ್ಲಿ ಒಬ್ಬರ ದುಡ್ಡು ನೀರಿಗೆ ಹೋದಂತೆಯೇ.

ಬೆಳಗಾವಿಯ ಖಡೇಬಜಾರಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ‘ಮಲ್ಟಿ ಕತ್ತರಿ’ ಅಂದರೆ ನಾಲ್ಕು ಬೇರೆ ಬೇರೆ ಸಾಮಾನು ಎದುರಿಗೆ ಬರುತ್ತವೆ, ಇದೇ ಗೊಂದಲಕ್ಕೆ ಮೂಲ. ಮೊದಲನೆಯದು, ಮಡಚುವ ಪ್ಲೈಯರ್‌ನ ಹೊಟ್ಟೆಯೊಳಗೆ ಚಾಕು, ಗರಗಸ, ಸ್ಕ್ರೂ ಡ್ರೈವರ್ ಜೊತೆಗೆ ಒಂದು ಪುಟ್ಟ ಕತ್ತರಿಯೂ ಇರುವುದು. ಲೆದರ್‌ಮನ್ ವೇವ್ ತರದ್ದು. ಎರಡನೆಯದು ಸ್ವಿಸ್ ಚಾಕು, ವಿಕ್ಟೋರಿನಾಕ್ಸ್‌ನವರದ್ದು. ಅದರಲ್ಲೂ ಕೀಲಿಕೈಗೆ ನೇತುಹಾಕುವ ‘ಕ್ಲಾಸಿಕ್’ ಅಂತ ಒಂದಿದೆ, ಮಡಚಿದಾಗ 58 ಮಿಲಿಮೀಟರ್, ನಿಮ್ಮ ತೋರುಬೆರಳಿಗಿಂತ ಚಿಕ್ಕದು. ಮೂರನೆಯದು ಅಡುಗೆಮನೆಯ ದೊಡ್ಡ ಕತ್ತರಿ, ಹಿಡಿಕೆಯ ನಡುವೆ ಹಲ್ಲುಹಲ್ಲು, ಬದಿಯಲ್ಲಿ ಬಾಟಲಿ ಓಪನರ್. ನಾಲ್ಕನೆಯದು ಆಂಬುಲೆನ್ಸ್‌ನವರು ಇಟ್ಟುಕೊಳ್ಳುವ, ತುದಿ ಮೊಂಡಾಗಿ ಬಾಗಿರುವ ಕತ್ತರಿ. ಇದನ್ನು ಸಾಮಾನ್ಯವಾಗಿ ಮಲ್ಟಿಟೂಲ್ ಅಂತ ಮಾರುವುದಿಲ್ಲ, ಆದರೆ ಈ ನಾಲ್ಕರಲ್ಲಿ ಅತಿ ಹೆಚ್ಚು ತರದ ವಸ್ತುಗಳನ್ನು ಕತ್ತರಿಸುವುದು ಇದೇ.

ಬಲ ಎಲ್ಲಿಂದ ಬರುತ್ತದೆ

ಇದೊಂದು ತಿಳಿದುಕೊಂಡರೆ ಅರ್ಧ ಆಯ್ಕೆ ಮುಗಿದಂತೆ. ಕತ್ತರಿ ಅಂದರೆ ಎರಡು ಸನ್ನೆಗೋಲು, ನಡುವೆ ಒಂದು ಮೊಳೆ. ಮೊಳೆಯಿಂದ ನಿಮ್ಮ ಬೆರಳು ಎಷ್ಟು ದೂರ, ಮೊಳೆಯಿಂದ ವಸ್ತು ಎಷ್ಟು ಹತ್ತಿರ ಅನ್ನುವುದರ ಮೇಲೆ ಬಲ ನಿಂತಿದೆ. ಬೆರಳು 10 ಸೆಂಟಿಮೀಟರ್ ದೂರದಲ್ಲಿದ್ದು, ವಸ್ತು ಮೊಳೆಯಿಂದ 2 ಸೆಂಟಿಮೀಟರ್ ದೂರದಲ್ಲಿದ್ದರೆ ನೀವು ಹಾಕಿದ ಬಲ ಐದು ಪಟ್ಟು ಆಗುತ್ತದೆ. ಅದೇ ವಸ್ತುವನ್ನು ತುದಿಯಲ್ಲಿ ಹಿಡಿದರೆ ಹಾಕಿದಷ್ಟೇ ಬಲ, ಕೆಲವು ಸಲ ಅದಕ್ಕಿಂತಲೂ ಕಡಿಮೆ. ದಪ್ಪ ವಸ್ತುವನ್ನು ಯಾವಾಗಲೂ ಬಾಯಿಯ ಒಳಕ್ಕೆ ತಳ್ಳಿ ಕತ್ತರಿಸಿ ಅಂತ ಹೇಳುವುದು ಇದಕ್ಕೇ.

ಮಡಚುವ ಮಲ್ಟಿಟೂಲಿನ ಕತ್ತರಿಯ ಅಲಗು ಹೆಚ್ಚೂಕಡಿಮೆ ಎರಡು ಸೆಂಟಿಮೀಟರ್. ಹಿಡಿಯೂ ಗಿಡ್ಡ. ಸ್ಪ್ರಿಂಗ್ ಬೇರೆ ಇದೆ, ಅದು ಪ್ರತಿ ಸಲ ಬಾಯಿ ತೆರೆಯುತ್ತದೆ, ಮುಚ್ಚುವಾಗ ಅದನ್ನೂ ಸೇರಿಸಿ ಅಮುಕಬೇಕು. ಆದ್ದರಿಂದ ಅದು ಎಷ್ಟೇ ಹರಿತವಾಗಿರಲಿ, ಹೆಬ್ಬೆರಳು ಮತ್ತು ತೋರುಬೆರಳಿನ ಬಲದಲ್ಲಿ ಆಗುವ ಕೆಲಸಕ್ಕೆ ಮಾತ್ರ. ದುಬಾರಿ ಸ್ಟೀಲ್ ಹಾಕಿದರೂ ಸನ್ನೆಗೋಲು ಉದ್ದ ಆಗುವುದಿಲ್ಲವಲ್ಲ.

ನಮ್ಮ ಅಡಕತ್ತರಿ ನೋಡಿ, ಮೊಳೆ ನಡುವೆ ಇಲ್ಲ, ತುದಿಯಲ್ಲಿದೆ. ಅಡಿಕೆ ಕೂರುವುದು ಮೊಳೆಗೂ ಕೈಗೂ ಮಧ್ಯೆ. ಕೈ ಮೊಳೆಯಿಂದ ದೂರ, ಅಡಿಕೆ ಹತ್ತಿರ, ಹೀಗಾಗಿ ಅಜ್ಜಿಯ ಕೈಯಲ್ಲೂ ಗಟ್ಟಿ ಅಡಿಕೆ ಹೋಳಾಗುತ್ತದೆ. ಅಡುಗೆ ಕತ್ತರಿಯ ಹಿಡಿಕೆ ನಡುವಿನ ಹಲ್ಲುಗಳು ಅಡಿಕೆಗೂ ಆಗುತ್ತವೆ ಅಂತ ಕೆಲವರು ನಂಬಿರುತ್ತಾರೆ. ಆಗುವುದಿಲ್ಲ. ಅಲ್ಲಿ ಅಲಗೇ ಇಲ್ಲ, ಸುಮ್ನೆ ಹಿಡಿದು ಜಜ್ಜುವ ಹಲ್ಲು. ಶೇಂಗಾ, ತೆಳು ಚಿಪ್ಪಿನ ಬಾದಾಮಿಗೆ ಸಾಕು. ಅಡಿಕೆ ಇಟ್ಟರೆ ಮೊಳೆ ಸಡಿಲ ಆಗುತ್ತದೆ, ಮೊಳೆ ಸಡಿಲ ಆದ ಕತ್ತರಿ ಆಮೇಲೆ ಹಾಳೆಯನ್ನೂ ಮಡಚುತ್ತದೆ.

ಬಟ್ಟೆ

ಬಟ್ಟೆಯ ವಿಷಯದಲ್ಲಿ ನನ್ನದು ಸ್ವಲ್ಪ ಹಟ ಅಂದುಕೊಳ್ಳಿ. ಬಟ್ಟೆ ಅಳತೆ ಹಾಕಿ ಕತ್ತರಿಸುವವರು ಯಾವ ಮಲ್ಟಿಟೂಲನ್ನೂ ನೋಡಲೇಬೇಡಿ.

ಕಾರಣ ಎರಡು. ಒಂದು ಉದ್ದ. ಎರಡು ಸೆಂಟಿಮೀಟರ್ ಅಲಗಿನಲ್ಲಿ ಒಂದು ಮೀಟರ್ ಬಟ್ಟೆ ಕತ್ತರಿಸಬೇಕೆಂದರೆ ಕನಿಷ್ಠ ಐವತ್ತು ಸಲ ಕಚಕ್ ಕಚಕ್ ಮಾಡಬೇಕು, ಪ್ರತಿ ಸಲ ಶುರುವಾಗುವ ಕಡೆ ಒಂದು ಸಣ್ಣ ಮೆಟ್ಟಿಲು ಬೀಳುತ್ತದೆ. ಟೇಲರ್ ಕತ್ತರಿ 10 ಇಂಚಿನದ್ದು ಇರುವುದು, ಕೆಳಗಿನ ಹಿಡಿ ದೊಡ್ಡದಾಗಿ ವಾರೆಯಾಗಿ ಬಾಗಿರುವುದು ಇದಕ್ಕಾಗಿಯೇ. ಕೆಳಗಿನ ಅಲಗು ಮೇಜಿನ ಮೇಲೆ ಜಾರಿಕೊಂಡು ಹೋಗುತ್ತದೆ, ಬಟ್ಟೆ ಮೇಲೇಳುವುದೇ ಇಲ್ಲ, ಗೆರೆ ಅಲುಗುವುದಿಲ್ಲ. ಎರಡನೆಯದು ಧಾರೆ. ಕಾಗದದಲ್ಲಿ ಸುಣ್ಣದ ಪುಡಿ, ಜೇಡಿಪುಡಿಯಂಥ ಖನಿಜ ಸೇರಿಸಿರುತ್ತಾರೆ, ಕಾಗದ ಬೆಳ್ಳಗೆ ನುಣುಪಾಗಿ ಕಾಣಲಿ ಅಂತ. ಅದು ಧಾರೆಯನ್ನು ಸವೆಸುತ್ತದೆ. ಟೇಲರ್ ಅಂಗಡಿಯಲ್ಲಿ ಆ ಕತ್ತರಿಗೆ ಮಕ್ಕಳು ಕೈ ಹಾಕಿ ಹಾಳೆ ಕತ್ತರಿಸಿದರೆ ಬೈಗುಳ ಬೀಳುವುದು ಸುಮ್ನೆ ಅಲ್ಲ. ಎಲ್ಲಕ್ಕೂ ಬಳಸುವ ಕತ್ತರಿ ಅನ್ನುವುದೇ ಬಟ್ಟೆಗೆ ಬಾರದ ಕತ್ತರಿ ಅಂತ ಅರ್ಥ.

ಇಳಕಲ್ ಸೀರೆಯ ಮಾತು ಬೇರೆಯೇ. ಇದಕ್ಕೆ 2007ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಮೈಯ ಹಾಸಿನ ಎಳೆ ಬೇರೆ, ಸೆರಗಿನ ಹಾಸಿನ ಎಳೆ ಬೇರೆ, ಎರಡನ್ನೂ ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಮೈ ಹತ್ತಿ, ಸೆರಗು ರೇಷ್ಮೆ ಇದ್ದರೆ ಒಂದೇ ಸೀರೆಯಲ್ಲಿ ಎರಡು ಸ್ವಭಾವದ ಬಟ್ಟೆ. ಹತ್ತಿ ಅಲಗಿನ ಬಾಯಲ್ಲಿ ನಿಲ್ಲುತ್ತದೆ, ರೇಷ್ಮೆ ಜಾರುತ್ತದೆ. ಜಾರುವ ಬಟ್ಟೆಗೆ ಒಂದು ಅಲಗಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲು ಇರುವ ಕತ್ತರಿ ಒಳ್ಳೆಯದು, ಅದು ಎಳೆಯನ್ನು ಹಿಡಿದುಕೊಳ್ಳುತ್ತದೆ. ಆದರೆ ಅಡುಗೆ ಕತ್ತರಿಯ ದಪ್ಪ ಹಲ್ಲು ತಂದು ಸೆರಗಿಗೆ ಹಚ್ಚಿದರೆ ಎಳೆ ಕಿತ್ತು ಬರುತ್ತದೆ. ಎರಡೂ ‘ಹಲ್ಲಿನ ಕತ್ತರಿ’ಯೇ, ನೆನಪಿಡಿ.

ಹಾಗಾದರೆ ಬಟ್ಟೆ ಕೆಲಸದಲ್ಲಿ ಮಲ್ಟಿಟೂಲಿಗೆ ಜಾಗವೇ ಇಲ್ಲವಾ? ಇದೆ. ಸೆರಗಿಗೆ ಕುಚ್ಚು ಹಾಕುವಾಗ, ಫಾಲ್ ಹಚ್ಚಿದ ಮೇಲೆ ಉಳಿದ ದಾರ ತೆಗೆಯುವಾಗ, ಹೊಸ ಅಂಗಿಯ ಲೇಬಲ್ಲಿನ ಹೊಲಿಗೆ ಬಿಚ್ಚುವಾಗ, ಕಸೂತಿಯ ಹಿಂಬದಿಯ ಗಂಟು ಕತ್ತರಿಸುವಾಗ ಆ ಪುಟ್ಟ ಸ್ವಿಸ್ ಕತ್ತರಿ ದೊಡ್ಡ ಕತ್ತರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ತುದಿ ಚೂಪು, ಎರಡೂ ಅಲಗು ತುದಿಯವರೆಗೂ ಕೂಡುತ್ತವೆ. ಪ್ಲೈಯರ್ ಮಲ್ಟಿಟೂಲಿನ ಕತ್ತರಿ ಇಲ್ಲಿ ಎರಡನೇ ಸ್ಥಾನ, ಏಕೆಂದರೆ ಅದರ ಹಿಡಿಯ ಬದಲಿಗೆ ಇಡೀ ಪ್ಲೈಯರ್ ನಿಮ್ಮ ಕೈಯಲ್ಲಿರುತ್ತದೆ. ವೇವ್ ಪ್ಲಸ್ 241 ಗ್ರಾಂ. 21 ಗ್ರಾಮಿನ ಕ್ಲಾಸಿಕ್ ಪಕ್ಕದಲ್ಲಿಟ್ಟರೆ ಒಂದು ದಾರ ಕತ್ತರಿಸಲು ಯಾವುದನ್ನು ಎತ್ತುತ್ತೀರಿ ನೀವೇ ಹೇಳಿ.

ಬಟ್ಟೆಗೆ ಕತ್ತರಿ ಕೊಳ್ಳುವುದಾದರೆ ಮೀರತ್‌ನ ಕಬ್ಬಿಣದ ಕತ್ತರಿ ಈಗಲೂ ಒಳ್ಳೆಯ ಆಯ್ಕೆ. ಅದಕ್ಕೂ 2013ರಲ್ಲಿ ಜಿಐ ಬಂದಿದೆ. ಮತ್ತೆ ಮತ್ತೆ ಸಾಣೆ ಹಿಡಿಸಬಹುದು, ಮೊಳೆ ಬಿಗಿ ಮಾಡಬಹುದು. ತೂಕ ಜಾಸ್ತಿ, ತುಕ್ಕು ಹಿಡಿಯುತ್ತದೆ, ಇವೆರಡೇ ತಕರಾರು. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿಯ ಹಗುರ ಕತ್ತರಿ ಇದೆಯಲ್ಲ, ಫಿನ್ಲೆಂಡಿನ ಫಿಸ್ಕರ್ಸ್‌ನವರು 1967ರಲ್ಲಿ ಶುರು ಮಾಡಿದ್ದು, ಅದು ಮನೆ ಹೊಲಿಗೆಗೆ ಕೈನೋವು ಕಡಿಮೆ ಮಾಡುತ್ತದೆ. ದಿನಾ ಹತ್ತು ಪದರ ಬಟ್ಟೆ ಒಟ್ಟಿಗೆ ಕತ್ತರಿಸುವ ಅಂಗಡಿಗೆ ಮೀರತ್ತಿನದ್ದೇ ಸರಿ.

ಹೊಲ, ತೋಟ

ಮಲ್ಟಿಟೂಲ್ ತನ್ನ ದುಡ್ಡು ದುಡಿಯುವುದು ಇಲ್ಲಿ. ವಿಜಯಪುರ, ಬಾಗಲಕೋಟೆ ಕಡೆ ಈಗ ತೋಟ ಅಂದರೆ ಡ್ರಿಪ್. ದ್ರಾಕ್ಷಿ, ದಾಳಿಂಬೆ, ನಿಂಬೆ ಎಲ್ಲದರ ಬುಡದಲ್ಲೂ ಪೈಪು. ತೋಟದಲ್ಲಿ ಒಂದು ಸುತ್ತು ಹೊಡೆದರೆ ಎಲ್ಲೋ ಪೈಪು ಒಡೆದಿರುತ್ತದೆ, ಎಲ್ಲೋ ಕಟ್ಟಿದ ಸುತಳಿ ಬಿಚ್ಚಿರುತ್ತದೆ, ಇನ್ನೊಂದು ಕಡೆ ಶೇಡ್ ನೆಟ್ ಜೋತುಬಿದ್ದಿರುತ್ತದೆ. ಮನೆಗೆ ಹೋಗಿ ಸಾಮಾನು ತರುವಷ್ಟರಲ್ಲಿ ನೀರಿನ ಪಾಳಿ, ಕರೆಂಟಿನ ಪಾಳಿ ಎರಡೂ ಮುಗಿದಿರುತ್ತವೆ.

ಆದರೆ ಇಲ್ಲಿಯೂ ಎಲ್ಲಕ್ಕೂ ಕತ್ತರಿ ಹಚ್ಚಬೇಡಿ. ಮಲ್ಟಿಟೂಲಿನಲ್ಲಿ ಚಾಕು ಅಂತ ಒಂದಿದೆ, ಅದನ್ನು ಮರೆತು ಕತ್ತರಿಯ ಮೇಲೆ ಭಾರ ಹಾಕುವವರೇ ಜಾಸ್ತಿ. ನೈಲಾನ್ ಹಗ್ಗ ಬೆರಳಿನ ದಪ್ಪ ಇದ್ದರೆ ಕತ್ತರಿಯ ಬಾಯಲ್ಲಿ ಹಿಡಿಸುವುದೇ ಇಲ್ಲ, ಎರಡೂ ಅಲಗು ಅಗಲವಾಗಿ ಮೊಳೆ ಕೆಡುತ್ತದೆ. ಅದಕ್ಕೆ ಚಾಕುವೇ ಸರಿ, ಹಲ್ಲಿರುವ ಚಾಕುವಾದರೆ ಇನ್ನೂ ಸಲೀಸು. ಕತ್ತರಿಸಿದ ತುದಿಯನ್ನು ಬೆಂಕಿಕಡ್ಡಿಯಿಂದ ಸ್ವಲ್ಪ ಕರಗಿಸಿಬಿಡಿ, ಎಳೆ ಬಿಚ್ಚುವುದಿಲ್ಲ. ಸುತಳಿ, ಬಳ್ಳಿ ಕಟ್ಟುವ ತೆಳು ಪ್ಲಾಸ್ಟಿಕ್ ಪಟ್ಟಿ, ಶೇಡ್ ನೆಟ್‌ನ ಅಂಚು, ಔಷಧಿ ಪೊಟ್ಟಣ ಇವೆಲ್ಲ ಪುಟ್ಟ ಕತ್ತರಿಯ ಕೆಲಸ.

ಗಿಡದ ಸಾಲಿನುದ್ದಕ್ಕೂ ಹಾಸುವ 16 ಮಿಲಿಮೀಟರ್ ಡ್ರಿಪ್ ಪೈಪಿನ, ಅಂದರೆ ಲ್ಯಾಟರಲ್ ಪೈಪಿನ ವಿಷಯಕ್ಕೆ ಬರೋಣ. ಮಲ್ಟಿಟೂಲಿನ ಕತ್ತರಿಯ ಬಾಯಿಗೆ ಇದು ದೊಡ್ಡದು, ಒಂದು ಬದಿಯಿಂದ ಕಚ್ಚಿ ಕಚ್ಚಿ ಕತ್ತರಿಸಬೇಕಾಗುತ್ತದೆ, ತುದಿ ಹರಕುಮುರುಕು ಆಗುತ್ತದೆ. ಅಡುಗೆ ಕತ್ತರಿಯೋ ಆಂಬುಲೆನ್ಸ್ ಕತ್ತರಿಯೋ ಒಂದೇ ಏಟಿಗೆ ಕತ್ತರಿಸುತ್ತದೆ, ಆದರೆ ಪೈಪನ್ನು ಮೊದಲು ಚಪ್ಪಟೆ ಮಾಡುತ್ತದೆ, ಆಮೇಲೆ ಅದು ಮೊಟ್ಟೆಯಾಕಾರದಲ್ಲೇ ಉಳಿಯುತ್ತದೆ. ಜಾಯಿಂಟರ್ ತೂರಿಸಿದಾಗ ಬದಿಯಿಂದ ನೀರು ಜಿನುಗುವುದಕ್ಕೆ ಇದೂ ಒಂದು ಕಾರಣ. ಚಾಟ್ನಿ ಮಾಡುವ, ಅಂದರೆ ಗಿಡದ ರೆಂಬೆ ಸವರುವ, ಸಿಕೇಟರ್ ಕತ್ತರಿ ಇದ್ದರೆ ಅದರಲ್ಲಿ ಚೆನ್ನಾಗಿ ಬರುತ್ತದೆ. ಒಂದು ಅಲಗು ಇನ್ನೊಂದರ ಪಕ್ಕದಿಂದ ಜಾರಿಹೋಗುವ ತರದ ಸಿಕೇಟರ್ ನೋಡಿ, ಕೆಳಗೆ ಮಣೆಯಂಥ ಚಪ್ಪಟೆ ತಳ ಇರುವ ತರದ್ದು ಜಜ್ಜುತ್ತದೆ. ಏನೂ ಇಲ್ಲದಿದ್ದರೆ ಮಲ್ಟಿಟೂಲಿನ ಚಾಕುವನ್ನು ಪೈಪಿನ ಸುತ್ತ ತಿರುಗಿಸಿ ಕೊಯ್ಯಿರಿ, ಮಧ್ಯಾಹ್ನ ಬಿಸಿಲಿಗೆ ಪೈಪು ಮೆದುವಾದಾಗ ಸಲೀಸಾಗಿ ಬರುತ್ತದೆ. ವಿಜಯಪುರದ ಬಿಸಿಲಿನಿಂದ ಆಗುವ ಉಪಕಾರ ಇದೊಂದೇ ಇರಬೇಕು.

ಗೊಬ್ಬರದ ಚೀಲಕ್ಕೆ ಕತ್ತರಿಯೇ ಬೇಡ. 45 ಕಿಲೋ ಯೂರಿಯಾ ಚೀಲದ ಬಾಯಿಗೆ ಸರಪಳಿ ಹೊಲಿಗೆ ಹಾಕಿರುತ್ತಾರೆ, ಒಂದು ತುದಿಯ ದಾರ ಕತ್ತರಿಸಿ ಸರಿಯಾದ ಎಳೆ ಎಳೆದರೆ ಇಡೀ ಹೊಲಿಗೆ ಸರಸರ ಬಿಚ್ಚಿಕೊಳ್ಳುತ್ತದೆ. ಎಳೆ ಬರದಿದ್ದರೆ ನೀವು ತಪ್ಪು ತುದಿ ಹಿಡಿದಿದ್ದೀರಿ, ಇನ್ನೊಂದು ಬದಿಗೆ ಹೋಗಿ. ಚೀಲವೂ ಉಳಿಯುತ್ತದೆ, ಆಮೇಲೆ ಕಾಳು ತುಂಬಲು ಬರುತ್ತದೆ. ಆ ಚೀಲ ಹರಿದು ಹಾಸು ಮಾಡಬೇಕೆಂದರೆ ಮಾತ್ರ ಉದ್ದ ಅಲಗಿನ ಕತ್ತರಿ ತಗೊಳ್ಳಿ, ಹೆಣೆದ ಪ್ಲಾಸ್ಟಿಕ್ ಪಟ್ಟಿ ಪುಟ್ಟ ಕತ್ತರಿಯ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ.

ತಾಡಪತ್ರಿ, ಮಲ್ಚಿಂಗ್ ಹಾಳೆ ಎರಡರ ರೀತಿ ಬೇರೆ. ಗಿಡದ ಬುಡದ ಮಣ್ಣಿಗೆ ಹೊದಿಸುವ ಮಲ್ಚಿಂಗ್ ಹಾಳೆ 25, 30 ಮೈಕ್ರಾನ್, ಅಷ್ಟು ತೆಳು. ಉದ್ದ ಕತ್ತರಿಯನ್ನು ಅರ್ಧ ಬಾಯಿ ತೆರೆದಿಟ್ಟು ಹಾಗೇ ಮುಂದಕ್ಕೆ ತಳ್ಳಿದರೆ ಸೀಳಿಕೊಂಡು ಹೋಗುತ್ತದೆ. ಸ್ಪ್ರಿಂಗ್ ಕತ್ತರಿಯಲ್ಲಿ ಈ ಆಟ ನಡೆಯುವುದಿಲ್ಲ. ಕಣದಲ್ಲಿ ಹಾಸುವ ದಪ್ಪ ತಾಡಪತ್ರಿಗೆ ಆಂಬುಲೆನ್ಸ್ ಕತ್ತರಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದನ್ನು ಮಾಡಿರುವುದೇ ಜೀನ್ಸ್ ಪ್ಯಾಂಟು, ಬೆಲ್ಟು, ಸೀಟ್ ಬೆಲ್ಟು ಕತ್ತರಿಸಲು. ಹಿಡಿ ಉದ್ದ, ಅಲಗು ಗಿಡ್ಡ, ಒಂದು ಅಲಗಿಗೆ ಹಲ್ಲು, ತುದಿ ಮೊಂಡು. ಒಕ್ಕಣೆಯ ಗಡಿಬಿಡಿಯಲ್ಲಿ ಕತ್ತರಿ ಜಾರಿ ಕೈಗೆ, ಕಾಲಿಗೆ ಚುಚ್ಚುವ ಭಯ ಕಡಿಮೆ. ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಕೇಳಿ, ಒಳ್ಳೆಯ ಮಲ್ಟಿಟೂಲಿನ ಬೆಲೆಯ ಹತ್ತಿರವೂ ಬರುವುದಿಲ್ಲ.

ಚಾಟ್ನಿಗೆ, ಅಂದರೆ ಏಪ್ರಿಲ್ ಮತ್ತು ಅಕ್ಟೋಬರ್ ದ್ರಾಕ್ಷಿ ಚಾಟ್ನಿಗೆ, ಮಲ್ಟಿಟೂಲ್ ತಗೊಂಡು ಹೋಗುವವರು ಯಾರೂ ಇರಲಿಕ್ಕಿಲ್ಲ. ಗೊನೆಯಲ್ಲಿ ಹೆಚ್ಚಿನ ಕಾಯಿ ತೆಗೆಯುವ ಥಿನ್ನಿಂಗ್ ಕೆಲಸಕ್ಕೆ ಮಾತ್ರ ಕೆಲವರು ಪುಟ್ಟ ಕತ್ತರಿ ಸಾಕು ಅಂದುಕೊಳ್ಳುತ್ತಾರೆ. ಒಂದು ಗೊನೆಗೆ ಸಾಕು. ಒಂದು ಸಾಲಿಗೆ ಸಾಲದು, ಬೆರಳು ಬಾತುಹೋಗುತ್ತದೆ. ಅದಕ್ಕೆ ಉದ್ದ ಮೂಗಿನ, ತುದಿ ಸ್ವಲ್ಪ ಮೊಂಡಾದ ದ್ರಾಕ್ಷಿ ಕತ್ತರಿಯೇ ಬೇರೆ ಸಿಗುತ್ತದೆ, ಪಕ್ಕದ ಕಾಯಿಗೆ ಗೀರು ಬೀಳದಂತೆ ಮಾಡಿದ್ದು.

ದಾಳಿಂಬೆ ಇರುವವರು ಇನ್ನೊಂದು ಗಮನಿಸಿ. ದುಂಡಾಣು ಅಂಗಮಾರಿ ರೋಗ ಕತ್ತರಿಯ ಮೂಲಕವೂ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಗಿಡ ಬದಲಾದಾಗ ಅಲಗನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಈಗ ನೋಡಿ, ಸಾದಾ ಸಿಕೇಟರ್ ಅದ್ದಬಹುದು, ಆದರೆ ಹತ್ತು ಸಾಮಾನು ಮಡಚಿಟ್ಟ ಮಲ್ಟಿಟೂಲನ್ನು ಅದರಲ್ಲಿ ಅದ್ದಿದರೆ ಸಂದಿಸಂದಿಯಲ್ಲಿ ದ್ರಾವಣ ಉಳಿದು ಸ್ಟೇನ್‌ಲೆಸ್ ಸ್ಟೀಲೂ ತುಕ್ಕು ಹಿಡಿಯುತ್ತದೆ. ಹಾಗಾಗಿ ರೋಗ ಇರುವ ತೋಟದ ಗಿಡಕ್ಕೆ ಮಲ್ಟಿಟೂಲ್ ಮುಟ್ಟಿಸಲೇಬೇಡಿ.

ಅಡುಗೆಮನೆ

ಇಲ್ಲಿ ಒಂದೇ ಗುಣ ನೋಡಿ: ಎರಡು ಭಾಗವಾಗಿ ಬಿಚ್ಚಿ ಬರುತ್ತದಾ? ಬಿಚ್ಚಿ ಬಂದರೆ ಕೊಳ್ಳಿ, ಬರದಿದ್ದರೆ ಉಳಿದ ಐದು ಉಪಯೋಗವೂ ಬೇಡ. ಕೊತ್ತಂಬರಿ, ಮೆಣಸಿನಕಾಯಿ, ಕೋಳಿ, ಹಾಲಿನ ಪೊಟ್ಟಣ ಎಲ್ಲವನ್ನೂ ಕತ್ತರಿಸಿದ ಮೇಲೆ ಮೊಳೆಯ ಸುತ್ತ ಕೂತ ಜಿಡ್ಡು ತೊಳೆಯಲು ಬೇರೆ ದಾರಿಯಿಲ್ಲ. ಮಡಚುವ ಮಲ್ಟಿಟೂಲಿನ ಕತ್ತರಿಯಿಂದ ಪ್ರಯಾಣದಲ್ಲಿ ಚಟ್ನಿಪುಡಿ ಪೊಟ್ಟಣ ತೆರೆಯಿರಿ, ಅಷ್ಟು ಸಾಕು. ನಿನ್ನೆ ಪೈಪಿಗೆ ಹಚ್ಚಿದ ಅಲಗನ್ನು ಇವತ್ತು ತಿನ್ನುವ ಪದಾರ್ಥಕ್ಕೆ ಮುಟ್ಟಿಸುವುದು ನನಗಂತೂ ಸೇರುವುದಿಲ್ಲ.

ಕರದಂಟು ಮಾಡುವ ಮನೆಗಳಿಗೆ ಅಡುಗೆ ಕತ್ತರಿಯಿಂದ ನಿಜವಾದ ಅನುಕೂಲ ಇದೆ. ಗೋಕಾಕದ್ದೋ ಅಮೀನಗಡದ್ದೋ ಯಾವ ಪದ್ಧತಿಯೇ ಇರಲಿ, ಒಣ ಹಣ್ಣು ಹೋಳು ಮಾಡುವುದು ಬೇಸರದ ಕೆಲಸ. ಅಂಜೂರ, ಮೆತ್ತನೆ ಖರ್ಜೂರ ಈಳಿಗೆಗೂ ಚಾಕುವಿಗೂ ಅಂಟುತ್ತವೆ. ಕತ್ತರಿಯ ಅಲಗಿಗೆ ಎರಡು ಹನಿ ತುಪ್ಪ ಸವರಿ ಕತ್ತರಿಸಿ, ಬೇಗ ಆಗುತ್ತದೆ. ಉತ್ತತ್ತಿ ಮಾತ್ರ ಕತ್ತರಿಗೆ ಬೇಡ, ಒಳಗೆ ಬೀಜ ಇದೆ, ಅಲಗಿನಲ್ಲಿ ಗುಳಿ ಬೀಳುತ್ತದೆ. ಕುಟ್ಟಿ ಬೀಜ ತೆಗೆದ ಮೇಲೆ ಕತ್ತರಿಸಬಹುದು. ಒಣ ಬ್ಯಾಡಗಿ ಮೆಣಸಿನಕಾಯಿಗೂ ಕತ್ತರಿ ಒಳ್ಳೆಯದು, ಕೈ ಉರಿಯುವುದಿಲ್ಲ.

ಐದು ಅಲಗಿನ ಕೊತ್ತಂಬರಿ ಕತ್ತರಿ ಅಂತ ಒಂದು ಬಂದಿದೆ. ನೋಡಲು ಚೆಂದ. ಸೊಪ್ಪು ಒದ್ದೆ ಇದ್ದರೆ ಅಲಗುಗಳ ನಡುವೆ ತುಂಬಿಕೊಂಡು ಕೂರುತ್ತದೆ, ಕಡ್ಡಿಯಿಂದ ಕೆರೆದು ತೆಗೆಯಬೇಕು. ಬೇಡ.

ನಿಂಬೆ ಬೆಳೆಯುವ ಇಂಡಿ ಕಡೆಯವರಿಗೆ ಹೇಳಬೇಕಿಲ್ಲ, ಹುಳಿ ರಸ ಕಬ್ಬಿಣಕ್ಕೆ ಆಗದು. ಉಪ್ಪಿನಕಾಯಿಗೆ ನಿಂಬೆ ಹೆಚ್ಚಿದ ಕತ್ತರಿಯನ್ನು ಆ ಕ್ಷಣವೇ ತೊಳೆದು ಒರೆಸಿ. ಉಪ್ಪು ಸೇರಿದರಂತೂ ಸ್ಟೇನ್‌ಲೆಸ್ ಸ್ಟೀಲಿಗೂ ಕಲೆ ಬೀಳುತ್ತದೆ. ಸ್ಟೇನ್‌ಲೆಸ್ ಅಂದರೆ ತುಕ್ಕು ಬೇಗ ಹಿಡಿಯದು ಅಂತ ಅಷ್ಟೇ, ಹಿಡಿಯುವುದೇ ಇಲ್ಲ ಅಂತಲ್ಲ.

ತಂತಿ, ತಗಡು, ತೊಗಲು

ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ವೈರನ್ನು ಯಾವ ಕತ್ತರಿಯಲ್ಲೂ ಕತ್ತರಿಸಬೇಡಿ. ಒಂದೇ ಸಲಕ್ಕೆ ಅಲಗಿನಲ್ಲಿ ಅರ್ಧಚಂದ್ರ ಬೀಳುತ್ತದೆ, ಆಮೇಲೆ ಬಟ್ಟೆಯಾಗಲಿ ಹಾಳೆಯಾಗಲಿ ಆ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲೈಯರ್ ಮಲ್ಟಿಟೂಲ್ ಕೊಂಡಿದ್ದರೆ ಪ್ಲೈಯರ್ ಬಾಯಿಯ ಬುಡದಲ್ಲಿ ವೈರ್ ಕಟರ್ ಇರುತ್ತದೆ, ಅದು ಇರುವುದೇ ಅದಕ್ಕೆ. ಅಡುಗೆ ಕತ್ತರಿಯ ಮೊಳೆ ಹತ್ತಿರ ಒಂದು ಸಣ್ಣ ಗುಳಿ ಇರುತ್ತದಲ್ಲ, ಅದು ಎಲುಬು, ಗಟ್ಟಿ ಕಾಂಡಕ್ಕೆ. ಕಬ್ಬಿಣದ ತಂತಿಗಲ್ಲ. ಮನೆ ವೈರಿಂಗಿನ ತಾಮ್ರದ ತೆಳು ಎಳೆಗಳು ಕತ್ತರಿಯಲ್ಲಿ ಕತ್ತರಿಸುತ್ತವೆ ನಿಜ, ಆದರೆ ಮಲ್ಟಿಟೂಲಿನ ಹಿಡಿ ಪೂರ್ತಿ ಲೋಹ, ಮೇಲೆ ಯಾವ ರಕ್ಷಣೆಯೂ ಇಲ್ಲ. ಮೇನ್ ಸ್ವಿಚ್ ಆಫ್ ಮಾಡದೆ ಮುಟ್ಟಲೇಬೇಡಿ.

ತಗಡಿಗೆ ತಗಡು ಕತ್ತರಿ. ಬೆಳಗಾವಿಯ ಕಾರ್ಖಾನೆ ಪ್ರದೇಶ ಉದ್ಯಮಬಾಗದಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ, ಹಿಡಿಯ ಬಣ್ಣದಲ್ಲೇ ಗುರುತು ಇರುತ್ತದೆ: ಹಳದಿ ನೇರಕ್ಕೆ, ಕೆಂಪು ಎಡಕ್ಕೆ ತಿರುಗಲು, ಹಸಿರು ಬಲಕ್ಕೆ. ಎಣ್ಣೆ ಡಬ್ಬಿಯ ತೆಳು ತಗಡನ್ನು ಆಂಬುಲೆನ್ಸ್ ಕತ್ತರಿಯೂ ಕತ್ತರಿಸುತ್ತದೆ, ತುರ್ತಿಗೆ ಸರಿ.

ತೊಗಲಿನ ಕೆಲಸಕ್ಕೆ ಅಥಣಿ, ನಿಪ್ಪಾಣಿಯ ಚಪ್ಪಲಿ ಕಾರೀಗರರನ್ನೇ ನೋಡಿ. ಕೊಲ್ಹಾಪುರಿ ಚಪ್ಪಲಿಯ ಜಿಐ ಗುರುತು 2019ರಲ್ಲಿ ಬಂದಾಗ ಅದರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕೂ ಜಿಲ್ಲೆ ಸೇರಿದವು. ಅಟ್ಟೆಯ ದಪ್ಪ ತೊಗಲನ್ನು ಅವರು ಕತ್ತರಿಯಿಂದ ಕತ್ತರಿಸುವುದಿಲ್ಲ, ರಂಪಿಗೆ ಅನ್ನುವ ತೊಗಲಿನ ಚಾಕುವಿನಿಂದ ಕೊಯ್ಯುತ್ತಾರೆ. ಕತ್ತರಿ ದಪ್ಪ ತೊಗಲಿನ ಅಂಚನ್ನು ಹಿಚುಕುತ್ತದೆ, ಅಂಚು ವಾರೆಯಾಗುತ್ತದೆ. ನಿಮ್ಮ ಚಪ್ಪಲಿಯ ಮೇಲಿನ ತೆಳು ಪಟ್ಟಿಯ ತುದಿ ಉದ್ದವಾಗಿದ್ದರೆ ಮಾತ್ರ ಕತ್ತರಿ ಹಾಕಿ.

ಯಾರು ಯಾವುದನ್ನು ಕೊಳ್ಳಬೇಕು

ತೋಟ, ಟ್ರ್ಯಾಕ್ಟರ್, ಪಂಪ್‌ಸೆಟ್ ಅಂತ ಓಡಾಡುವವರು, ಎಲೆಕ್ಟ್ರಿಷಿಯನ್, ಡ್ರೈವರ್ ಇವರಿಗೆ ಪ್ಲೈಯರ್ ಇರುವ ಮಲ್ಟಿಟೂಲ್. ಕತ್ತರಿಗಾಗಿ ಅಲ್ಲ, ಪ್ಲೈಯರ್ ಮತ್ತು ಚಾಕುವಿಗಾಗಿ. ಕತ್ತರಿ ಜೊತೆಗೆ ಬಂದದ್ದು. ಹೆಸರುವಾಸಿ ಕಂಪನಿಯದ್ದು ಹತ್ತು ಸಾವಿರ ರೂಪಾಯಿ ದಾಟುತ್ತದೆ, ಹಾಗಾಗಿ ಒಂದು ವಿಷಯ ನೋಡಿಕೊಳ್ಳಿ. ವೇವ್‌ನಲ್ಲಿ ಕತ್ತರಿ ಒಳಬದಿಯಲ್ಲಿದೆ, ಅದನ್ನು ತೆಗೆಯಲು ಪ್ಲೈಯರನ್ನು ಪೂರ್ತಿ ತೆರೆಯಬೇಕು. ಅದೇ ಕಂಪನಿಯ ಸರ್ಜ್‌ನಲ್ಲಿ ದೊಡ್ಡ ಕತ್ತರಿ ಹೊರಬದಿಯಲ್ಲೇ ಇದೆ, ಆದರೆ ಅದು ಕಿಸೆಯಲ್ಲಿ ಭಾರ. ಕತ್ತರಿ ದಿನಾ ಬಳಸುವವರಿಗೆ ಇದು ದೊಡ್ಡ ವ್ಯತ್ಯಾಸ.

ಅಂಗಡಿ ನಡೆಸುವವರು, ಕೊರಿಯರ್ ಪಾರ್ಸಲ್ ಒಡೆಯುವವರು, ಶಿಕ್ಷಕರು, ಪ್ರಯಾಣ ಜಾಸ್ತಿ ಮಾಡುವವರಿಗೆ ಸ್ವಿಸ್ ಕ್ಲಾಸಿಕ್ ಅಥವಾ ಲೆದರ್‌ಮನ್ ಮೈಕ್ರಾ. ಮೈಕ್ರಾದ ವಿಶೇಷ ಅಂದರೆ ಅದರಲ್ಲಿ ಪ್ಲೈಯರ್ ಇಲ್ಲ, ಕತ್ತರಿಯೇ ಮುಖ್ಯ, ಮಡಚಿದಾಗ 6.5 ಸೆಂಟಿಮೀಟರ್, ತೂಕ 51 ಗ್ರಾಂ. ಬಿಚ್ಚಿದಾಗ ಎರಡೂ ಹಿಡಿ ಕೈಗೆ ಸಿಗುವುದರಿಂದ ಕ್ಲಾಸಿಕ್‌ಗಿಂತ ಬಲ ಹಾಕಬಹುದು. ಮಲ್ಟಿಟೂಲಿನಲ್ಲಿ ನನಗೆ ಕತ್ತರಿಯೇ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಪಾರ್ಸಲ್ ಟೇಪಿನ ಅಂಟು ಅಲಗಿಗೆ ಮೆತ್ತಿಕೊಳ್ಳುತ್ತದೆ, ಸ್ವಲ್ಪ ಎಣ್ಣೆ ಹಚ್ಚಿ ಒರೆಸಿದರೆ ಹೋಗುತ್ತದೆ, ಕೆರೆಯಬೇಡಿ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ ಹತ್ತುವವರು ಇಂಥದ್ದನ್ನೆಲ್ಲ ಚೆಕ್‌ಇನ್ ಬ್ಯಾಗಿಗೆ ಹಾಕಿ, ಚಾಕು ಇರುವ ಸಾಮಾನನ್ನು ಕೈಚೀಲದಲ್ಲಿ ಬಿಡುವುದಿಲ್ಲ.

ದುಡ್ಡು ಕಡಿಮೆ ಇದೆ, ಮನೆಗೆ ಒಂದೇ ಸಾಕು ಅನ್ನುವವರು ಹತ್ತು ಕೆಲಸದ ಅಗ್ಗದ ಚೈನಾ ಮಾಲು ಬಿಡಿ. ಬಿಚ್ಚಿ ತೊಳೆಯುವ ಅಡುಗೆ ಕತ್ತರಿ ಒಂದು, ಆಂಬುಲೆನ್ಸ್ ಕತ್ತರಿ ಒಂದು, ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯುತ್ತವೆ, ಬಟ್ಟೆ ಅಳತೆ ಹಾಕಿ ಕತ್ತರಿಸುವುದೊಂದು ಬಿಟ್ಟು ಮನೆಯ ಎಲ್ಲ ಕೆಲಸವೂ ನಡೆಯುತ್ತದೆ.

ಎಡಗೈಯವರಿಗೆ ಕಷ್ಟ ಇದೆ. ಸಾಮಾನ್ಯ ಕತ್ತರಿಯಲ್ಲಿ ಬಲಗೈ ಹೆಬ್ಬೆರಳು ತಳ್ಳಿದಾಗ ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಎಡಗೈಯಲ್ಲಿ ಅದೇ ತಳ್ಳುವಿಕೆ ಅವನ್ನು ದೂರ ಮಾಡುತ್ತದೆ, ಗೆರೆಯೂ ಕಾಣುವುದಿಲ್ಲ. ಮಡಚುವ ಮಲ್ಟಿಟೂಲ್‌ಗಳ ಕತ್ತರಿ ಸಾಮಾನ್ಯವಾಗಿ ಬಲಗೈಯವರಿಗೆ ಜೋಡಿಸಿದ್ದೇ. ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡದೆ ತರಿಸಬೇಡಿ.

ಕೊಳ್ಳುವಾಗ, ಕೊಂಡ ಮೇಲೆ

ಅಂಗಡಿಯಲ್ಲಿ ಹಾಳೆ ಕತ್ತರಿಸಿ ತೋರಿಸುತ್ತಾರೆ, ಅದನ್ನು ನಂಬಬೇಡಿ, ಹಾಳೆಯನ್ನು ಯಾವ ಕತ್ತರಿಯೂ ಕತ್ತರಿಸುತ್ತದೆ. ತೆಳು ಹತ್ತಿ ಕರವಸ್ತ್ರ ಒಯ್ಯಿರಿ, ಹಳೆಯದು ಸಾಕು. ಕತ್ತರಿಯ ತುದಿಯಲ್ಲಿ ಮಾತ್ರ ಹಿಡಿದು ಕತ್ತರಿಸಿ. ತುದಿಯಲ್ಲಿ ಬಟ್ಟೆ ಮಡಚಿಕೊಂಡು ಸಿಕ್ಕಿಕೊಂಡರೆ ವಾಪಸ್ ಕೊಡಿ. ಆಮೇಲೆ ಬೆಳಕಿಗೆ ಎದುರಾಗಿ ಹಿಡಿದು ನೋಡಿ: ಮುಚ್ಚಿದ ಎರಡು ಅಲಗಿನ ನಡುವೆ ಕೂದಲೆಳೆಯಷ್ಟು ಬೆಳಕು ಕಂಡು, ತುದಿಯಲ್ಲಿ ಮಾತ್ರ ಕೂಡಿಕೊಂಡಿದ್ದರೆ ಅದು ಸರಿ. ಪೂರ್ತಿ ಅಂಟಿಕೊಂಡಿದ್ದರೆ ಉಜ್ಜಿ ಉಜ್ಜಿ ಬೇಗ ಸವೆಯುತ್ತದೆ. ಮೊಳೆ ಸ್ಕ್ರೂ ಆಗಿದ್ದರೆ ಬಿಗಿ ಮಾಡಬಹುದು, ರಿವೆಟ್ ಆಗಿದ್ದರೆ ಸಡಿಲವಾದ ದಿನವೇ ಅದರ ಕೊನೆ. ದೊಡ್ಡ ಕತ್ತರಿಯನ್ನು ಒಂದು ಹಿಡಿಯಿಂದ ಎತ್ತಿ ಇನ್ನೊಂದನ್ನು ಬಿಟ್ಟರೆ ಅದು ತಾನಾಗಿ ಸ್ವಲ್ಪ ಇಳಿದು ನಿಲ್ಲಬೇಕು, ಧೊಪ್ಪನೆ ಬೀಳಬಾರದು.

ಬೆಳಗಾವಿ, ಖಾನಾಪುರ ಕಡೆಯವರಿಗೆ ಮಳೆಗಾಲದಲ್ಲಿ ತುಕ್ಕು ಶತ್ರು, ವಿಜಯಪುರ ಕಡೆಯವರಿಗೆ ವರ್ಷವಿಡೀ ಧೂಳು. ಎರಡಕ್ಕೂ ಔಷಧಿ ಒಂದೇ, ಒರೆಸಿ ಮೊಳೆಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಕೊಬ್ಬರಿ ಎಣ್ಣೆ ಹಾಕಿದರೆ ಕೆಲವು ದಿನಕ್ಕೆ ಅಂಟಾಗಿ ಧೂಳನ್ನೇ ಹಿಡಿದಿಡುತ್ತದೆ.

ಸಾಣೆಯ ವಿಷಯದಲ್ಲಿ ಜಾಗ್ರತೆ. ಟೇಲರ್ ಕತ್ತರಿಯನ್ನು ಸಾಣೆಯವರಿಗೆ ಕೊಡಿ, ಆದರೆ ಎದುರಿಗೇ ನಿಂತು, ಒಳಮುಖ ಮುಟ್ಟಬೇಡಿ, ಹೊರಗಿನ ಇಳಿಜಾರು ಮಾತ್ರ ಹಿಡಿಯಿರಿ ಅಂತ ಹೇಳಿ. ಕಲ್ಲಿನ ಚಕ್ರಕ್ಕೆ ಒತ್ತಿ ಹಿಡಿದು ಅಲಗು ನೀಲಿಬಣ್ಣಕ್ಕೆ ತಿರುಗಿತೆಂದರೆ ಸ್ಟೀಲಿನ ಹದ ಹೋಯಿತು, ಆ ಜಾಗ ಮುಂದೆ ಧಾರೆ ನಿಲ್ಲಿಸಲ್ಲ. ಪಾಲಿಶ್ ಪೇಪರ್ ಕತ್ತರಿಸಿದರೆ ಕತ್ತರಿ ಹರಿತ ಆಗುತ್ತದೆ ಅನ್ನುವ ಉಪಾಯ ಅರ್ಧ ಮಾತ್ರ ನಿಜ, ಅಂಚಿನ ಸಣ್ಣ ಮಡಿಕೆ ಹೋಗಿ ಎರಡು ದಿನ ಚೆನ್ನಾಗಿರುತ್ತದೆ, ಧಾರೆ ಹೊಸದಾಗಿ ಬರುವುದಿಲ್ಲ. ಮಲ್ಟಿಟೂಲಿನ ಪುಟ್ಟ ಕತ್ತರಿಯನ್ನು ಚಕ್ರಕ್ಕೆ ಕೊಡಲೇಬೇಡಿ. ಹಲ್ಲಿರುವ ಅಲಗು ಬಿಟ್ಟು ನುಣುಪು ಅಲಗನ್ನು ಮಾತ್ರ ಸಣ್ಣ ಸಾಣೆಕಲ್ಲಿನಲ್ಲಿ ಮೂಲ ಇಳಿಜಾರಿನಲ್ಲೇ ನಾಲ್ಕಾರು ಸಲ ಎಳೆದರೆ ಸಾಕು. ಇದರಲ್ಲಿ ಮೊದಲು ಕೈಕೊಡುವುದು ಧಾರೆ ಅಲ್ಲ, ಸ್ಪ್ರಿಂಗ್. ವಿಕ್ಟೋರಿನಾಕ್ಸ್ ಕತ್ತರಿಯ ಸ್ಪ್ರಿಂಗ್ ಬಿಡಿಯಾಗಿ ಸಿಗುತ್ತದೆ, ಮನೆಯಲ್ಲೇ ಬದಲಿಸಬಹುದು. ಲೆದರ್‌ಮನ್‌ಗೆ 25 ವರ್ಷದ ವಾರಂಟಿ ಇದೆ, ಅದಕ್ಕೆ ಅಸಲಿ ಬಿಲ್ ಇಟ್ಟುಕೊಳ್ಳಿ. ಹೆಸರಿಲ್ಲದ ಮಾಲಿನಲ್ಲಿ ಸ್ಪ್ರಿಂಗ್ ಹೋದರೆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ.